ನಾಲ್ಕನೇ ಜ್ವರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹರಾಜು ಕಟ್ಟೆಯ ಹಿಂದೆ, ಹಳೇ ತಕ್ಕಡಿ ಪೇರಿಸಿದ್ದ ಕೋಣೆಯಲ್ಲಿ
ಪರದೆ ನೋಡುತ್ತಾ ಕೂರುವುದು ನನ್ನ ಕೆಲಸ.
ಹನ್ನೊಂದು ಚೌಕ. ಹನ್ನೊಂದೂ ಹಸಿರಿದ್ದರೆ
ನಾನೊಬ್ಬಳಿದ್ದೇನೆಂದು ಯಾರಿಗೂ ಗೊತ್ತಾಗುವುದಿಲ್ಲ.

ತಕ್ಕಡಿ ಮಾತಾಡುವುದು ಒಂದು ಚೌಕ,
ಲಾಟು ನಂಬರು ಹುಟ್ಟುವುದು ಒಂದು,
ರೀಲರುಗಳ ಮೊಬೈಲಿಂದ ಕೂಗು ಬರುವುದು ಒಂದು,
ಬ್ಯಾಂಕಿಗೆ ದುಡ್ಡು ಹೋಗುವುದು ಇನ್ನೊಂದು, ಅದು
ಸೋಮವಾರ ಸ್ವಲ್ಪ ಹಳದಿ, ಅದರ ಸ್ವಭಾವ.
ಉಳಿದವು ಬಿಸಿ, ಉಸಿರು, ಹೊಟ್ಟೆ ಎಷ್ಟು ತುಂಬಿದೆ, ಇಂಥವೇ.
ಯಂತ್ರವನ್ನೂ ಕೇಳುವುದು ಇಷ್ಟೇ.

ನಮ್ಮಜ್ಜಿ ಪಿಳ್ಳಮ್ಮ ಮೇಲೂರಲ್ಲಿ ಹುಳು ಸಾಕಿದವಳು.
ಇಲಾಖೆಯವರು ಕೊಟ್ಟ ಥರ್ಮಾಮೀಟರು ಮೊಳೆಗೆ ತೂಗುತ್ತಿತ್ತು,
ಅದರ ದಾರಕ್ಕೆ ಅವಳು ಸೆರಗಿನ ಪಿನ್ನು ಸಿಕ್ಕಿಸುತ್ತಿದ್ದಳು.
ಅವಳು ನೋಡುತ್ತಿದ್ದದ್ದು ಕಿವಿಯಲ್ಲಿ.
ರಾತ್ರಿ ಎರಡಕ್ಕೆ ಎದ್ದು, ದೀಪ ಹಾಕದೆ
ಬಾಗಿಲ ಬಳಿ ನಿಂತರೆ, ಒಳಗೆ ಕತ್ತಲಲ್ಲಿ
ಯಾರೋ ಹುರಿಗಡಲೆಯ ಪೊಟ್ಟಣ ಬಿಚ್ಚುತ್ತಲೇ ಇರುವ ಹಾಗೆ
ಕರಕರ. ಸರಿ. ಹೋಗಿ ಮಲಗುತ್ತಿದ್ದಳು.

ಸದ್ದು ನಿಂತರೆ?
"ಎರಡೇ ಅರ್ಥ ಕಣೇ. ಜ್ವರಕ್ಕೆ ಕೂತಿರಬೇಕು, ಇಲ್ಲ ಹೋಗಿರಬೇಕು."
ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ,
ನಾಲ್ಕು ಜ್ವರ ದಾಟಿದ ಹುಳು ಮಾತ್ರ ಗೂಡು ಕಟ್ಟುತ್ತದೆ.
ತಲೆ ಎತ್ತಿ, ತಿನ್ನದೆ, ಅಲುಗದೆ, ಒಂದು ಹಗಲು ಒಂದು ರಾತ್ರಿ.
ಸತ್ತದ್ದೂ ಅಲುಗುವುದಿಲ್ಲ.
ವ್ಯತ್ಯಾಸ ಹೆಂಗಜ್ಜಿ ಗೊತ್ತಾಗುತ್ತೆ ಅಂದರೆ
"ಊದು" ಎನ್ನುತ್ತಿದ್ದಳು.

ಮೊನ್ನೆ ಹನ್ನೊಂದೂವರೆಗೆ ಹರಾಜು ಎರಡನೇ ಸುತ್ತಿನಲ್ಲಿತ್ತು.
ಹೊರಗೆ ಗದ್ದಲ. ಇದ್ದದ್ದೇ ಎಂದುಕೊಂಡೆ.
ಆಮೇಲೆ ಗದ್ದಲದ ದನಿ ಬದಲಾಯಿತು.
ಅಮಾನುಲ್ಲಾ ಸಾಬರು ಕಿಟಕಿಗೆ ಫೋನು ಅಂಟಿಸಿ ಹಿಡಿದರು,
ಮುನ್ನೂರ ಎಂಬತ್ತಕ್ಕೆ ಒತ್ತಿದ್ದು ಹೋಗದೆ
ಬಿಳಿ ಚಕ್ರವೊಂದು ಸುತ್ತುತ್ತಲೇ ಇತ್ತು.
"ಗೂಡು ಒಣಗ್ತದೆ ಮೇಡಂ, ತೂಕ ಇಳೀತದೆ"
ಅವರ ಹೆಗಲ ಮೇಲಿಂದ ಜಂಗಮಕೋಟೆಯವನೊಬ್ಬ.
ಪರದೆ ನೋಡಿದೆ. ಹನ್ನೊಂದು ಹಸಿರು.

ಕಂಪನಿಗೆ ಫೋನು ಹಾಕಿದೆ.
"ನಮ್ಮಲ್ಲೂ ಎಲ್ಲ ಹಸಿರಿದೆ ಮೇಡಂ, ನಿಮ್ಮ ನೆಟ್‌ವರ್ಕ್ ನೋಡಿ."
ಹಸಿರನ್ನು ನಂಬಿ ಇಬ್ಬರೂ ಒಂದು ನಿಮಿಷ ಸುಮ್ಮನಿದ್ದೆವು.

ಸುಮ್ಮನಿದ್ದಾಗ ಕಂಡಿತು.
ಎಂದೂ ಒಂದೆಡೆ ನಿಲ್ಲದ ಬಿಸಿಯ ಅಂಕಿ,
ಐವತ್ತನಾಲ್ಕು, ಐವತ್ತೈದು, ಮತ್ತೆ ಐವತ್ತನಾಲ್ಕು ಎಂದು ಏರಿಳಿಯುವುದು,
ಐವತ್ತನಾಲ್ಕಕ್ಕೇ ನಿಂತಿತ್ತು.
ಕೆಳಗೆ ಇರುವೆ ಅಕ್ಷರದಲ್ಲಿ
ಕೊನೆಯ ವರದಿ: ಹತ್ತು ಐವತ್ತೆರಡು.

ನೋಡುವವನೇ ಸತ್ತಿದ್ದ.
ಸಾಯುವ ಮುಂಚೆ ಕಂಡದ್ದನ್ನು
ತೆರೆದ ಕಣ್ಣಲ್ಲೇ ಹಿಡಿದುಕೊಂಡಿದ್ದ.

ಊದಿದೆ.
ಅಂದರೆ, ಕಪ್ಪು ಕಿಟಕಿ ತೆರೆದು ಒಂದೊಂದರ ಹೆಸರು ಬರೆದು
ಇದ್ದೀಯಾ ಎಂದು ಕೇಳಿದೆ.
ತಕ್ಕಡಿ, ಇದ್ದೇನೆ. ಲಾಟು, ಇದ್ದೇನೆ.
ಕೂಗು ಬರೆದಿಡುವುದು ಮೂರು ಸಲಕ್ಕೂ ಉತ್ತರವಿಲ್ಲ.
ನಾಲ್ಕನೇ ಸಲ, ಬಹಳ ತಡವಾಗಿ, ಇದ್ದೇನೆ.
ಹೊಟ್ಟೆ ಬಿರಿಯುವಷ್ಟು ತುಂಬಿತ್ತು, ಹೋದ ಯುಗಾದಿಯಿಂದ
ಯಾರೂ ಗುಡಿಸದ ಹಳೇ ದಾಖಲೆ. ಹಿಕ್ಕೆ ತೆಗೆಯದ ತಟ್ಟೆಯಲ್ಲಿ
ಹುಳು ಮಂಕಾಗಿ ಮಲಗುವುದಿಲ್ಲವೇ, ಹಾಗೆ.

ಹಿಕ್ಕೆ ತೆಗೆದೆ. ಹನ್ನೆರಡೂ ಹತ್ತಕ್ಕೆ ಚಕ್ರ ನಿಂತಿತು.
ತೂಕಕ್ಕೆ ಹಾಕಿದಾಗ ಕಾಲು ಕೇಜಿ ಇಳಿದಿತ್ತೆಂದ ಜಂಗಮಕೋಟೆಯವನು.
ಇರಬಹುದು. ಅದಕ್ಕೆ ನನ್ನಲ್ಲಿ ಚೌಕವಿಲ್ಲ.

ಈಗ ಹನ್ನೆರಡನೆಯದೊಂದನ್ನು ಸೇರಿಸಿದ್ದಾರೆ,
ಹನ್ನೊಂದನ್ನು ನೋಡುವವನು ಇದ್ದಾನೆಯೇ ಎಂದು ನೋಡಲು.
ಅದನ್ನು ಯಾರು ನೋಡೋದು ಎಂದು ಕಂಪನಿಯ ಹುಡುಗನೇ ನಕ್ಕ.

ಗಂಟೆಗೊಮ್ಮೆ ಎದ್ದು ಹೋಗುತ್ತೇನೆ.
ಯಾವುದಾದರೂ ಲಾಟಿನಿಂದ ಒಂದು ಗೂಡೆತ್ತಿ
ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ.
ಟಕ್ ಟಕ್. ಒಳಗಿದೆ.
"ನೀವೂ ಕೂಗ್ತೀರಾ ಮೇಡಂ?" ಎನ್ನುತ್ತಾರೆ ಅಮಾನುಲ್ಲಾ ಸಾಬರು.
ಇಲ್ಲ ಸಾಬ್ರೇ ಎಂದು
ಗೂಡನ್ನು ಅದರ ಜಾಗದಲ್ಲಿಟ್ಟು ಬರುತ್ತೇನೆ.